ಶಬರಿಯು ಆಯ್ದ ಹಣ್ಣು

ಶಬರಿಯು ರಾಮನಿಗೆ ಹಣ್ಣನ್ನಿತ್ತ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಆ ಹಣ್ಣು ಬಾರೆಯ ಹಣ್ಣೆಂದೂ, ಆಕೆ ಅದನ್ನು ಒಂದೊಂದಾಗಿ ಕಚ್ಚಿ ರುಚಿ ನೋಡಿ, ಹುಳಿಯಾದುದನ್ನು ಎಸೆದು, ಸಿಹಿಯಾದುದನ್ನು ಮಾತ್ರ ತೆಗೆದಿರಿಸಿದಳೆಂದೂ, ಆ ಎಂಜಲನ್ನು ರಾಮನು ಆದರದಿಂದ ತಿಂದನೆಂದೂ ಹರಿಕಥೆಯ ದಾಸರು ಮೊದಲುಗೊಂಡು ಮನೆಯ ಅಜ್ಜಿಯರವರೆಗೆ ಎಲ್ಲರೂ ಹೇಳುತ್ತ ಬಂದಿದ್ದಾರೆ. ಬಾರೆಯೆಂದರೆ ಮೈಸೂರು ಸೀಮೆಯವರ ಎಲಚಿ. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಊರ ಹೊರಗಿನ ಬೇಲಿಯ ಸಾಲಿನಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುವ ಮುಳ್ಳಿನ ಗಿಡ. ಇಂಥ ಬೇಲಿಯ ಹಣ್ಣೊಂದು ಆದಿಕಾವ್ಯದ ನಾಯಕನ ಅಂಗೈಗೆ ಬಂದು ಬಿದ್ದುದು ಸಾಹಿತ್ಯದಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಈ ಪ್ರಸಂಗವನ್ನು ಕುರಿತ ಚರ್ಚೆಗಳಲ್ಲಿ ಹಣ್ಣಿನ ಮಾತು ಬಹು ಕಡಮೆ. ಎಂಜಲಿನ ಮಾತೇ ಹೆಚ್ಚು. ಹಣ್ಣಿನ ಕಡೆಯಿಂದ ಈ ಕಥೆಯನ್ನು ಒಮ್ಮೆ ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಈಗ ಪ್ರಚಾರದಲ್ಲಿರುವ ವ್ಯಾಖ್ಯಾನಗಳು ಮುಖ್ಯವಾಗಿ ಮೂರು. ಭಕ್ತಿಪಕ್ಷದವರು, ಪ್ರೇಮದ ಮುಂದೆ ಆಚಾರವು ನಿಲ್ಲದೆಂಬುದಕ್ಕೆ ಈ ಕಥೆಯನ್ನು ನಿದರ್ಶನವಾಗಿ ಎತ್ತಿಕೊಳ್ಳುತ್ತಾರೆ. ಸಮಾಜಸುಧಾರಣೆಯ ಪಕ್ಷದವರು, ಕೀಳೆನಿಸಿದ ಜಾತಿಯವಳ ಎಂಜಲನ್ನು ಕ್ಷತ್ರಿಯನು ತಿಂದನೆಂಬುದನ್ನು ಎತ್ತಿ ಹಿಡಿಯುತ್ತಾರೆ. ಮೂರನೆಯವರು ಪಂಡಿತರು, ರುಚಿ ನೋಡಿದ ಕಥೆ ವಾಲ್ಮೀಕಿಯಲ್ಲಿ ಇಲ್ಲವೇ ಇಲ್ಲ, ಆದುದರಿಂದ ಅದು ಬಿಡತಕ್ಕದ್ದು ಎಂಬುದು ಇವರ ತೀರ್ಮಾನ. ಮೂವರ ಮಾತಿನಲ್ಲಿಯೂ ಸತ್ಯದ ಅಂಶವಿದೆ. ಆದರೆ ಮೊದಲನೆಯ ಇಬ್ಬರೂ ತಿಂದವನನ್ನು ನೋಡುತ್ತಾರೆ. ಮೂರನೆಯವರು ಓಲೆಯ ಗರಿಯನ್ನು ನೋಡುತ್ತಾರೆ. ಆಯ್ದವಳನ್ನು ಯಾರೂ ನೋಡುವುದಿಲ್ಲ. ಕಥೆಯಲ್ಲಿ ದುಡಿದವಳು ಅವಳೊಬ್ಬಳೇ ಎಂಬುದು ಮರೆತುಹೋಗಿದೆ.

ನನಗೂ ಇದು ಬಹುಕಾಲ ಮರೆತೇ ಇದ್ದಿತು. ನಾವು ಹುಡುಗರಾಗಿದ್ದಾಗ ಶಾಲೆಯ ಬಾಗಿಲಲ್ಲಿ ಚಳಿಗಾಲವೆಲ್ಲ ಒಬ್ಬ ಮುದುಕಿ ಬಾರೆಯ ಹಣ್ಣನ್ನು ಬುಟ್ಟಿಯಲ್ಲಿಟ್ಟುಕೊಂಡು ಕುಳಿತಿರುತ್ತಿದ್ದಳು. ಬುಟ್ಟಿಯಲ್ಲಿ ಮೂರು ನಾಲ್ಕು ಗುಂಪುಗಳಿರುತ್ತಿದ್ದವು. ನೋಡುವುದಕ್ಕೆ ಎಲ್ಲವೂ ಒಂದೇ ಬಣ್ಣ, ಒಂದೇ ಗಾತ್ರ. ಎಲ್ಲವನ್ನೂ ಒಟ್ಟಿಗೆ ಸುರಿಯಬಾರದೇ ಎಂದು ಕೇಳಿದರೆ, “ಅದು ಹಳ್ಳದ ಗಿಡದ್ದು ಮಗಾ, ಇದು ಗುಡಿ ಹಿಂದಿನದ್ದು, ಕೂಡಿಸಿದರೆ ಎರಡೂ ಕೆಟ್ಟವು” ಎನ್ನುತ್ತಿದ್ದಳು. ನಾವು ಕಾಸು ಹಿಡಿದುಕೊಂಡು ತಡಮಾಡಿದರೆ, ತಾನೇ ಒಂದನ್ನು ಅರ್ಧ ಕಚ್ಚಿ ನೋಡಿ, ತಲೆಯಾಡಿಸಿ, ಅದೇ ಗುಂಪಿನಿಂದ ಒಂದು ಹಿಡಿ ತೆಗೆದು ನಮ್ಮ ಜೇಬಿಗೆ ಸುರಿಯುತ್ತಿದ್ದಳು. ಅದರಲ್ಲಿ ಭಕ್ತಿಯೂ ಇರಲಿಲ್ಲ, ಅಪಚಾರವೂ ಇರಲಿಲ್ಲ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಉಜ್ಜುವಂತೆ ಆಕೆ ಹಣ್ಣನ್ನು ಹಲ್ಲಿಗೆ ಹಚ್ಚುತ್ತಿದ್ದಳು. ಬಹಳ ವರ್ಷಗಳ ಮೇಲೆ ವಾಲ್ಮೀಕಿಯ ಅರಣ್ಯಕಾಂಡವನ್ನು ಓದುತ್ತಿದ್ದಾಗ ಈ ಮುದುಕಿಯ ನೆನಪಾಯಿತು. ಈ ವಿಚಾರಗಳು ಹುಟ್ಟಿದ್ದು ಅಲ್ಲಿಂದ.

ಮೊದಲು ಮೂಲದ ಮಾತು. ಕಬಂಧನು ಶಾಪವಿಮುಕ್ತನಾಗಿ ರಾಮಲಕ್ಷ್ಮಣರಿಗೆ ಪಂಪೆಯ ದಾರಿಯನ್ನು ಹೇಳುವಲ್ಲಿಯೇ ಕಾಡಿನ ಹಣ್ಣಿನ ಪ್ರಸ್ತಾಪ ಬರುತ್ತದೆ. ಪ್ರಚಲಿತ ಪಾಠದ ಅರಣ್ಯಕಾಂಡದಲ್ಲಿ ಇದು 73ನೆಯ ಸರ್ಗ. ನೇರಳೆ, ಹಲಸು, ಬಸರಿ, ಆಲ, ತೂಬರೆ, ಮಾವು ಮುಂತಾದ ಮರಗಳನ್ನು ಹೆಸರಿಸಿ, ಅವುಗಳನ್ನು ಹತ್ತಿಯೋ ಬಲದಿಂದ ನೆಲಕ್ಕೆ ಬಗ್ಗಿಸಿಯೋ ಹಣ್ಣುಗಳನ್ನು ತಿನ್ನುತ್ತ ನಡೆಯಿರಿ ಎಂದು ಆತನು ಹೇಳುತ್ತಾನೆ. ಇದು ರಾಜಕುಮಾರರಿಗೆ ಹೇಳಿಕೊಟ್ಟ ಉಪಾಯ. ಕೈಗೆ ಬಂದ ಕೊಂಬೆ, ಬಾಯಿಗೆ ಬಂದ ಹಣ್ಣು. ಈ ಪಟ್ಟಿಯಲ್ಲಿ ಬಾರೆಯ ಹೆಸರಿಲ್ಲ. ಮರವನ್ನು ಬಗ್ಗಿಸಿ ತಿನ್ನುವವನಿಗೂ ಮುಳ್ಳಿನೊಳಗೆ ಕೈಯಿಕ್ಕಿ ಬಿಡಿಸುವವನಿಗೂ ಇರುವ ಅಂತರ ಇಲ್ಲಿಯೇ ಕಾಣುತ್ತದೆ.

ಅದೇ ಸರ್ಗದಲ್ಲಿ ಇನ್ನೊಂದು ಸಂಗತಿ ಇದೆ. ಇದನ್ನು ನಮ್ಮ ಪುರಾಣಿಕರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ನನ್ನ ಎಣಿಕೆಯಲ್ಲಿ ಇಡೀ ಪ್ರಸಂಗದ ಜೀವವೇ ಅದು. ಪಂಪೆಯ ದಡದಲ್ಲಿ ಎಂದಿಗೂ ಬಾಡದ ಹೂಗಳಿವೆ. ಅವುಗಳನ್ನು ಮುಡಿಯುವವರು ಯಾರೂ ಇಲ್ಲ. ಆ ಹೂಗಳು ಎಲ್ಲಿಂದ ಬಂದವು? ಮತಂಗಮುನಿಯ ಶಿಷ್ಯರು ಗುರುವಿಗಾಗಿ ಕಾಡಿನಿಂದ ಹಣ್ಣುಹಂಪಲುಗಳನ್ನು ಹೊತ್ತು ತರುತ್ತಿದ್ದಾಗ, ಹೊರೆಯ ಭಾರದಿಂದ ಬಳಲಿದ ಅವರ ಮೈಯಿಂದ ಬೆವರಿನ ಹನಿಗಳು ನೆಲಕ್ಕೆ ಬಿದ್ದವು. ಅವರ ತಪಸ್ಸಿನ ಪ್ರಭಾವದಿಂದ ಆ ಹನಿಗಳೇ ಹೂಗಳಾದವು. ಯಜ್ಞದ ಹೊಗೆಯಿಂದಾಗಲಿ ಮಂತ್ರದ ಘೋಷದಿಂದಾಗಲಿ ಆ ಹೂಗಳು ಹುಟ್ಟಿದುವೆಂದು ಕವಿಯು ಹೇಳಬಹುದಾಗಿತ್ತು, ಹಾಗೆ ಹೇಳಲಿಲ್ಲ. ಹಣ್ಣು ಹೊತ್ತವರ ಬೆವರಿನಿಂದ ಹುಟ್ಟಿದುವೆಂದನು. ಆಯುವವರ ದುಡಿಮೆಯನ್ನು ಇಷ್ಟು ಸರಳವಾಗಿ ಪೂಜ್ಯಮಾಡಿದ ಕಲ್ಪನೆ ನಾನು ಓದಿದ ಬೇರೆ ಯಾವ ಕಾವ್ಯದಲ್ಲಿಯೂ ದೊರೆತಿಲ್ಲ.

ಆ ಮುನಿಗಳೆಲ್ಲ ಸ್ವರ್ಗಕ್ಕೆ ಹೋದ ಮೇಲೆ ಆಶ್ರಮದಲ್ಲಿ ಉಳಿದವಳು ಅವರ ಪರಿಚಾರಿಕೆಯಾದ ಶಬರಿಯೊಬ್ಬಳೇ. ಆಕೆ ಸಿದ್ಧೆ, ವೃದ್ಧೆ, ತಪಸ್ವಿನಿ. ರಾಮನು ಬಂದು ಮೊದಲು ಕೇಳುವುದು ಆಕೆಯ ತಪಸ್ಸಿನ ಕ್ಷೇಮವನ್ನು, ಆಹಾರವನ್ನಲ್ಲ. ಆಕೆಯ ಉತ್ತರದಲ್ಲಿ ಹಣ್ಣಿನ ಮಾತು ಬರುವುದು ಕೊನೆಗೆ, ಅದೂ ಒಂದೇ ಶ್ಲೋಕದಲ್ಲಿ: ಪಂಪೆಯ ತೀರದಲ್ಲಿ ಬೆಳೆದ ನಾನಾ ಬಗೆಯ ವನ್ಯವಸ್ತುಗಳನ್ನು ನಿನಗಾಗಿ ಸಂಗ್ರಹಿಸಿದ್ದೇನೆ, ಎಂದಿಷ್ಟೆ. ಯಾವ ಹಣ್ಣೆಂದು ಹೇಳಲಿಲ್ಲ. ಕಚ್ಚಿದ ಮಾತಿಲ್ಲ. ರಾಮನು ತಿಂದನೆಂಬುದೂ ಅಲ್ಲಿ ಸ್ಪಷ್ಟವಾಗಿಲ್ಲ. ಒಡನೆಯೇ ಆತನು ಮತಂಗವನವನ್ನು ತೋರೆಂದು ಕೇಳುತ್ತಾನೆ. ಆಕೆ ವೇದಿಯನ್ನೂ, ಮರದ ಕೊಂಬೆಗಳ ಮೇಲೆ ಇನ್ನೂ ಒಣಗದೆ ತೂಗುವ ನಾರುಡೆಗಳನ್ನೂ ತೋರಿಸಿ, ಅಪ್ಪಣೆ ಪಡೆದು ಅಗ್ನಿಪ್ರವೇಶ ಮಾಡುತ್ತಾಳೆ. ಹಾಗಾದರೆ ಪಂಡಿತರ ಮಾತು ಅಕ್ಷರಶಃ ನಿಜವೇ ಸರಿ.

ಆದರೆ ಆ ಒಂದೇ ಶ್ಲೋಕದಲ್ಲಿ ‘ಸಂಚಿತ’ವೆಂಬ ಪದವಿದೆ. ಅದನ್ನು ಸುಮ್ಮನೆ ದಾಟಿಹೋಗಬಾರದು. ಸಂಚಿತವೆಂದರೆ ಅಂದಂದಿಗೆ ತಂದುದಲ್ಲ, ಕೂಡಿಹಾಕಿದ್ದು. ಕಾಡಿನ ಹಣ್ಣನ್ನು ಕೂಡಿಹಾಕುವುದು ಹೇಗೆ? ನೇರಳೆಯನ್ನು ಎರಡು ದಿನ ಇಟ್ಟರೆ ಬಸಿದು ಹುಳಿಯುವುದು. ಮಾವು ಮಾಗಿ ಕೊಳೆಯುವುದು. ಅತ್ತಿಯೊಳಗೆ ಹುಳುವಾಡುವುದು. ಇನ್ನು ಕಾಲವನ್ನು ನೋಡೋಣ. ಶೂರ್ಪಣಖೆಯು ಬರುವ ಮುನ್ನ ಲಕ್ಷ್ಮಣನು ಪಂಚವಟಿಯಲ್ಲಿ ವರ್ಣಿಸುವುದು ಹೇಮಂತಋತುವನ್ನು. ಶಬರಿಯ ಆಶ್ರಮವನ್ನು ಬಿಟ್ಟು ಪಂಪೆಯ ದಡಕ್ಕೆ ಬಂದಾಗ ರಾಮನು ಕಾಣುವುದು ವಸಂತವನ್ನು. ಕಿಷ್ಕಿಂಧಾಕಾಂಡದ ಮೊದಲನೆಯ ಸರ್ಗವೆಲ್ಲ ಆ ವಸಂತದ ವ್ಯಥೆಯೇ. ಹೂವು ಹೇರಳವಾಗಿರುವ, ಹಣ್ಣು ಇನ್ನೂ ಬಾರದ ಕಾಲವದು; ಮಾವಿಗೆ ಹೂವಿನ ಸಮಯ. ಆ ವೇಳೆಗೆ ಮುದುಕಿಯ ಬಳಿ ಇರಬಹುದಾದ ಹಣ್ಣು ಚಳಿಗಾಲದಲ್ಲಿ ಆಯ್ದು ಬಿಸಿಲಿಗೆ ಹರಡಿ ಒಣಗಿಸಿಟ್ಟ ಹಣ್ಣೇ ಆಗಿರಬೇಕು. ನಮ್ಮ ಬಯಲುಸೀಮೆಯಲ್ಲಿ ಅಂಥ ಹಣ್ಣು ಬಾರೆ. ಸಂಕ್ರಾಂತಿಯ ಹೊತ್ತಿಗೆ ಅದು ಸುಗ್ಗಿಯಲ್ಲಿರುತ್ತದೆ. ಮಕ್ಕಳಿಗೆ ಆರತಿಮಾಡಿ ತಲೆಯ ಮೇಲೆ ಎಲಚಿಯ ಹಣ್ಣನ್ನೆರೆಯುವ ಪದ್ಧತಿ ಮೈಸೂರು ಸೀಮೆಯಲ್ಲಿ ಇಂದಿಗೂ ಉಂಟು. ಹಸಿರು ಹಳದಿಯಾಗಿ, ಹಳದಿ ಕೆಂಪಾಗಿ, ಗಿಡದ ಮೇಲೆಯೇ ಸುಕ್ಕುಗಟ್ಟುವ ಈ ಹಣ್ಣು ಒಣಗಿದ ಮೇಲೆ ತಿಂಗಳುಗಟ್ಟಲೆ ಕೆಡುವುದಿಲ್ಲ. ವಾಲ್ಮೀಕಿಯು ಬಾರೆಯ ಹೆಸರೆತ್ತಲಿಲ್ಲ. ಆದರೆ ಆತನು ಬಳಸಿದ ಪದ ಬಾರೆಗೆ ಒಪ್ಪುವಂತೆ ಬೇರೆ ಹಣ್ಣಿಗೆ ಒಪ್ಪದು. ಹೆಸರನ್ನು ಕೂಡಿಸಿದ ಜನರು ಗಿಡಗಂಟೆಗಳನ್ನು ಬಲ್ಲವರಾಗಿದ್ದರು.

ಬಾರೆಯು ವಾಲ್ಮೀಕಿಯಲ್ಲಿ ಬಾರದ ಹಣ್ಣೇನೂ ಅಲ್ಲ. ಚಿತ್ರಕೂಟದಲ್ಲಿ ಭರತನಿಂದ ತಂದೆಯ ಮರಣವಾರ್ತೆಯನ್ನು ಕೇಳಿದ ರಾಮನು ಮಂದಾಕಿನಿಯ ದಡದಲ್ಲಿ ಪಿಂಡಪ್ರದಾನ ಮಾಡುತ್ತಾನಲ್ಲವೆ? ಆ ಪಿಂಡ ಅಕ್ಕಿಯದಲ್ಲ; ಇಂಗುದಿಯ ಹಿಂಡಿಗೆ ಬಾರೆಯ ಹಣ್ಣನ್ನು ಬೆರಸಿ ಮಾಡಿದ್ದು. ತಾವು ತಿನ್ನುವುದನ್ನೇ ನಿನಗೂ ಕೊಡುತ್ತಿದ್ದೇವೆಂದು ಮಗನು ಸತ್ತ ತಂದೆಗೆ ಹೇಳಿಕೊಳ್ಳುತ್ತಾನೆ. ಭೂಮಂಡಲವನ್ನಾಳಿದ ದಶರಥನಿಗೆ ಬಂದ ಈ ಪಿಂಡವನ್ನು ದರ್ಭೆಯ ಮೇಲೆ ಕಂಡು ಕೌಸಲ್ಯೆಯ ಎದೆ ಒಡೆಯುತ್ತದೆ. ಎಂದರೆ ರಾಮನು ಪಂಪೆಗೆ ಬರುವಷ್ಟರಲ್ಲಿ ಬಾರೆಯ ರುಚಿಯನ್ನು ಚೆನ್ನಾಗಿ ಬಲ್ಲವನು. ಅದು ಅವನ ಬಡತನದ ಆಹಾರ, ಅವನ ಶೋಕದ ಆಹಾರ. ಮುಂದಿನ ಕಥೆಗಾರರು ಶಬರಿಯ ಅಂಗೈಗೆ ಬಾರೆಯನ್ನೇ ಇಟ್ಟಾಗ ಚಿತ್ರಕೂಟದ ಈ ಪಿಂಡ ಅವರ ಮನಸ್ಸಿನಲ್ಲಿದ್ದಿತೇ? ಹೀಗೆಂದು ಸಾಧಿಸುವುದಕ್ಕೆ ನನ್ನಲ್ಲಿ ಆಧಾರವಿಲ್ಲ. ಇದು ಬರಿಯ ಊಹೆ. ಆದರೆ ಎರಡೂ ಸ್ಥಳಗಳನ್ನು ಒತ್ತೊತ್ತಿಗೆ ಇಟ್ಟು ಓದಿದವರಿಗೆ, ಅಲ್ಲಿ ಮಗನು ಸತ್ತವನಿಗೆ ಸಂಕೋಚದಿಂದ ಕೊಟ್ಟ ಹಣ್ಣು ಇಲ್ಲಿ ತಾಯಿಯಂಥವಳಿಂದ ಅವನಿಗೇ ಹಿಂದಿರುಗಿ ಬಂದಂತೆ ತೋರದೆ ಇರದು.

ರುಚಿ ನೋಡಿದ ಕಥೆ ಬೆಳೆದುಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಧ್ಯಾತ್ಮರಾಮಾಯಣದಲ್ಲಿ ಹಣ್ಣಿನ ಅರ್ಪಣೆಗಿಂತ ಭಕ್ತಿಯ ಒಂಬತ್ತು ಸಾಧನಗಳ ಉಪದೇಶವೇ ಮುಖ್ಯವಾಯಿತು. ತುಳಸೀದಾಸರೂ ಆ ದಾರಿಯನ್ನೇ ಹಿಡಿದರು. ಅವರ ಶಬರಿ ತನ್ನನ್ನು ಕೀಳು ಜಾತಿಯವಳೆಂದು ಹೇಳಿಕೊಳ್ಳುತ್ತಾಳೆ, ಗೆಡ್ಡೆಗೆಣಸು ಹಣ್ಣುಗಳನ್ನು ಕೊಡುತ್ತಾಳೆ, ರಾಮನು ಹೊಗಳುತ್ತ ತಿನ್ನುತ್ತಾನೆ. ಕಚ್ಚಿದ ಮಾತು ಅಲ್ಲಿಯೂ ಇಲ್ಲ. 16ನೆಯ ಶತಮಾನದ ಒರಿಯಾ ಕವಿ ಬಲರಾಮದಾಸನಲ್ಲಿ ಹಲ್ಲಿನ ಗುರುತು ಕಾಣಿಸಿಕೊಳ್ಳುತ್ತದೆ. ಆದರೆ ಅಲ್ಲಿನ ಹಣ್ಣು ಮಾವು. ಹಲ್ಲಿನ ಗುರುತಿದ್ದ ಮಾವನ್ನು ಮಾತ್ರ ರಾಮನು ತೆಗೆದುಕೊಳ್ಳುತ್ತಾನೆ. ನಾಭಾದಾಸನ ಭಕ್ತಮಾಲೆಗೆ ಪ್ರಿಯಾದಾಸನು 1712ರಲ್ಲಿ ಬರೆದ ಟೀಕೆಯಲ್ಲಿ ಬಾರೆಯ ಹಣ್ಣನ್ನು ಕಚ್ಚಿ ನೋಡಿದ ಕಥೆ ನಮಗೆ ಪರಿಚಯವಾದ ರೂಪದಲ್ಲಿಯೇ ಇದೆ. ಈ ಕವಿಗಳಲ್ಲಿ ಬಲರಾಮದಾಸನ ಮಾವು ಕಾವ್ಯವಾಗಿ ನನಗೆ ರುಚಿಸಲಿಲ್ಲ. ಮಾವಿನ ಹಣ್ಣನ್ನು ಕಚ್ಚಿ ನೋಡಬೇಕಾದ ಅಗತ್ಯವೇ ಇಲ್ಲ. ಮೂಸಿದರೆ ತಿಳಿಯುವುದು, ಒತ್ತಿದರೆ ತಿಳಿಯುವುದು. ಅಲ್ಲಿ ಹಲ್ಲಿನ ಗುರುತು ಕೇವಲ ಒಂದು ಸಂಕೇತವಾಗಿ ನಿಲ್ಲುತ್ತದೆ.

ಬಾರೆಯ ವಿಷಯ ಹಾಗಲ್ಲ. ಕಸಿಮಾಡಿ ಬೆಳೆಸದ ಕಾಡುಬಾರೆಯಲ್ಲಿ ಒಂದು ಗಿಡದ ಹಣ್ಣಿನಂತೆ ಇನ್ನೊಂದರದಿರುವುದಿಲ್ಲ. ಬೀಜದಿಂದ ತಾನಾಗಿ ಹುಟ್ಟಿದ ಗಿಡಗಳಾದುದರಿಂದ ಒಂದು ಸಕ್ಕರೆಯಾದರೆ ಅದರ ಮಗ್ಗುಲಿನದು ಹುಣಿಸೆ, ಮತ್ತೊಂದು ಬರಿಯ ಒಗರು. ಕಣ್ಣಿಗೆ ಈ ಭೇದ ಕಾಣದು, ಬಣ್ಣ ಮೋಸಮಾಡುತ್ತದೆ. ಮೇಲಾಗಿ ಹಣ್ಣುನೊಣವು ಕಾಯಿಯಲ್ಲಿಯೇ ಮೊಟ್ಟೆಯಿಟ್ಟಿರುತ್ತದೆ. ಹೊರಗೆ ನುಣುಪಾಗಿ ಹೊಳೆಯುವ ಹಣ್ಣಿನೊಳಗೆ ಹುಳು ಸುರುಳಿಸುತ್ತಿಕೊಂಡಿರುವುದುಂಟು. ಇದನ್ನು ತಿಳಿಯುವುದಕ್ಕೆ ಹಲ್ಲಲ್ಲದೆ ಬೇರೆ ಸಾಧನವಿಲ್ಲ. ಇನ್ನು ಗಿಡದ ಮುಳ್ಳು: ಎಲೆಯ ಬುಡದಲ್ಲಿ ಜೋಡಿಯಾಗಿ, ಒಂದು ನೆಟ್ಟಗೆ, ಒಂದು ಕೊಕ್ಕೆಯಂತೆ ಬಾಗಿ. ಕೈಯನ್ನು ಒಳಕ್ಕೆ ನೀಡುವಾಗ ನೆಟ್ಟಗಿನದು ಚುಚ್ಚುವುದು, ಹಿಂದಕ್ಕೆ ತೆಗೆಯುವಾಗ ಕೊಕ್ಕೆ ಹಿಡಿಯುವುದು. ಆದುದರಿಂದ ಬಲ್ಲವರು ಎಲ್ಲ ಗಿಡಗಳಿಗೂ ಕೈಯಿಕ್ಕುವುದಿಲ್ಲ. ನೆಲಕ್ಕುದುರಿದ ಒಂದೆರಡನ್ನು ಕಚ್ಚಿ ನೋಡಿ, ಗಿಡವು ಯೋಗ್ಯವೆಂದು ಕಂಡರೆ ಮಾತ್ರ ಕೆಳಗೆ ಬಟ್ಟೆ ಹಾಸಿ ಕೋಲಿನಿಂದ ಬಡಿಯುತ್ತಾರೆ. ಶಬರಿಯು ಆ ಕಾಡಿನಲ್ಲಿಯೇ ಮುದುಕಿಯಾದವಳು. ಯಾವ ಗಿಡ ಯಾವ ಬಗೆಯದೆಂದು ಆಕೆಗೆ ತಿಳಿಯದೆ ಇದ್ದೀತೆ?

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ತರಬಹುದು. “ನೀವು ಭಕ್ತಿಯ ಕಥೆಯನ್ನು ಹಣ್ಣಿನ ವ್ಯಾಪಾರದ ಕಥೆಯನ್ನಾಗಿ ಮಾಡಿದಿರಿ, ಕಚ್ಚಿ ನೋಡುವುದು ಆಯುವವರ ರೂಢಿಯೆಂದ ಮೇಲೆ ಶಬರಿಯಲ್ಲಿ ವಿಶೇಷವೇನು ಉಳಿಯಿತು?” ಆಕ್ಷೇಪವು ಯೋಗ್ಯವಾದುದೇ. ಇದಕ್ಕೆ ಉತ್ತರವೂ ಆಯುವವರ ರೂಢಿಯಲ್ಲಿಯೇ ಇದೆ. ಆಯುವವರು ಗಿಡಕ್ಕೊಂದು ಹಣ್ಣನ್ನು ಕಚ್ಚುತ್ತಾರೆ. ಶಬರಿಯು ಪ್ರತಿಯೊಂದು ಹಣ್ಣನ್ನೂ ಕಚ್ಚಿದಳೆಂದು ಕಥೆ ಹೇಳುತ್ತದೆ. ಗಿಡವನ್ನು ಪರೀಕ್ಷಿಸುವುದು ಕುಶಲತೆ. ಅಷ್ಟರಿಂದ ತೃಪ್ತಿಯಾಗದೆ ಹಣ್ಣುಹಣ್ಣನ್ನೂ ಪರೀಕ್ಷಿಸಿದುದು ಪ್ರೀತಿ. ಕುಶಲತೆಯು ಸಾಕೆಂದು ನಿಲ್ಲುವ ಸ್ಥಳದಿಂದ ಆಕೆಯ ಭಕ್ತಿ ಮುಂದೆ ಹೊರಟಿತು. ಆದರೆ ಆ ಕುಶಲತೆಯನ್ನು ಅಳಿಸಿ, ಆಕೆಯನ್ನು ಆಚಾರವರಿಯದ, ಎಂಜಲೆಂದರೇನೆಂದು ತಿಳಿಯದ ಮುಗ್ಧೆಯನ್ನಾಗಿ ಚಿತ್ರಿಸುವುದು ನಮ್ಮ ಪುರಾಣಿಕರ ದೊಡ್ಡ ದೋಷ. ಋಷಿಗಳ ಆಶ್ರಮದಲ್ಲಿ ಜೀವಮಾನವೆಲ್ಲ ಪರಿಚರ್ಯೆ ಮಾಡಿದವಳಿಗೆ ಎಂಜಲಿನ ವಿಚಾರ ತಿಳಿಯದೆಂದು ಹೇಳುವುದು ಎಂಥ ಮಾತು! ಆಕೆಗೆ ತಿಳಿದಿತ್ತು, ತಿಳಿದೂ ಕಚ್ಚಿದಳು. ಹುಳುವಿರುವ ಹಣ್ಣನ್ನು ಅತಿಥಿಗೆ ಕೊಡುವುದಕ್ಕಿಂತ ಹಲ್ಲು ತಾಕಿದ ಹಣ್ಣನ್ನು ಕೊಡುವುದು ಮೇಲೆಂದು ನಿರ್ಧರಿಸಿದಳು. ಇದು ಮೌಢ್ಯವಲ್ಲ, ವಿವೇಚನೆ. ಹೀಗೆ ಓದಿದರೆ ಸುಧಾರಣೆಯ ಪಕ್ಷದವರಿಗೂ ಲಾಭವೇ ಹೊರತು ನಷ್ಟವಿಲ್ಲ. ರಾಮನ ಔದಾರ್ಯದ ಕೆಳಗೆ ಆಕೆಯು ತಲೆ ತಗ್ಗಿಸಿ ನಿಲ್ಲಬೇಕಾಗುವುದಿಲ್ಲ.

ಬೇಲಿಯ ಹಣ್ಣನ್ನು ಆಯುವುದು ಬೇರೆ ದೇಶಗಳ ಕಾವ್ಯದಲ್ಲಿ ಹೇಗೆ ಬಂದಿದೆಯೆಂದು ನೋಡಿದರೆ ಈ ಮಾತು ಇನ್ನಷ್ಟು ತಿಳಿಯಾಗುತ್ತದೆ. ಐರ್ಲೆಂಡಿನ ಕವಿ ಷೇಮಸ್ ಹೀನಿ (ಈತನಿಗೆ 1995ರಲ್ಲಿ ನೊಬೆಲ್ ಬಹುಮಾನ ಬಂದಿತು) 1966ರ ತನ್ನ ಮೊದಲನೆಯ ದೊಡ್ಡ ಸಂಗ್ರಹದಲ್ಲಿ ಬ್ಲ್ಯಾಕ್‌ಬೆರಿ ಆಯುವುದನ್ನು ಕುರಿತು 24 ಪಂಕ್ತಿಗಳ ಒಂದು ಕವಿತೆಯನ್ನು ಬರೆದಿದ್ದಾನೆ. ಬ್ಲ್ಯಾಕ್‌ಬೆರಿಯು ಆ ಸೀಮೆಯ ಹೊಲಗಳ ಬೇಲಿಯಲ್ಲಿ ಹಬ್ಬುವ ಮುಳ್ಳುಬಳ್ಳಿಯ ಹಣ್ಣು. ಕಪ್ಪುಗೆಂಪು ಬಣ್ಣ, ಮುಟ್ಟಿದರೆ ರಸ. ಆಗಸ್ಟ್ ತಿಂಗಳ ಕೊನೆಯ ಮಳೆಬಿಸಿಲಿಗೆ ಅದು ಮಾಗುತ್ತದೆ. ಮೊದಲನೆಯ ಹಣ್ಣಿನ ಸವಿ ನಾಲಗೆಗೆ ಹತ್ತಿದ್ದೇ ತಡ, ಮಕ್ಕಳು ಹಾಲಿನ ಪಾತ್ರೆ, ತಗಡಿನ ಡಬ್ಬಿ, ಜಾಮಿನ ಜಾಡಿ ಹೀಗೆ ಸಿಕ್ಕಿದ್ದನ್ನು ಹಿಡಿದು ಹೊಲಹೊಲಗಳ ಬೇಲಿಯನ್ನು ಸುತ್ತುತ್ತಾರೆ. ಮುಳ್ಳು ಗೀರುತ್ತದೆ, ಅಂಗೈ ಅಂಟಾಗಿ ಕೊಲೆಗಡುಕನ ಕೈಯಂತೆ ಕಾಣುತ್ತದೆ. ತಂದ ಹಣ್ಣನ್ನು ದನದ ಕೊಟ್ಟಿಗೆಯಲ್ಲಿ ರಾಶಿಹಾಕುತ್ತಾರೆ. ತೊಟ್ಟಿ ತುಂಬುವಷ್ಟರಲ್ಲಿ ಬೂಷ್ಟು ಹಿಡಿದು ನಾರುತ್ತದೆ. ಪ್ರತಿ ವರ್ಷವೂ ಉಳಿದೀತೆಂದು ಆಸೆ, ಉಳಿಯದೆಂದು ಗೊತ್ತು. ಕವಿತೆಯ ಕಟ್ಟಡದಲ್ಲಿಯೂ ಒಂದು ಜಾಣ್ಮೆಯಿದೆ: ಜೋಡಿಜೋಡಿಯಾದ ಪಂಕ್ತಿಗಳಲ್ಲಿ ಅಂತ್ಯಪ್ರಾಸ ಎಲ್ಲೆಡೆಯೂ ಅರೆಬರೆ, ಪೂರ್ಣವಾಗಿ ಕೂಡುವುದು ಎರಡೇ ಕಡೆ. ಮೊದಲನೆಯ ಹಣ್ಣು ಕಣ್ಣಿಗೆ ಬೀಳುವಲ್ಲಿ ಒಮ್ಮೆ, ಎಲ್ಲವೂ ಕೊಳೆತುಹೋದ ಕೊನೆಯಲ್ಲಿ ಇನ್ನೊಮ್ಮೆ. ಆಸೆಯೂ ನಿರಾಸೆಯೂ ಮಾತ್ರ ಕಿವಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ.

ಈ ಕವಿತೆಯನ್ನೂ ಶಬರಿಯ ಕಥೆಯನ್ನೂ ಹೋಲಿಸುವವರು ಸಾಮಾನ್ಯವಾಗಿ ಒಂದು ಸುಲಭದ ಮಾತಿಗೆ ಜಾರುತ್ತಾರೆ: ಪಶ್ಚಿಮದವರದು ಭೋಗ, ನಮ್ಮದು ತ್ಯಾಗ ಎಂದು. ನಮ್ಮ ಪತ್ರಿಕೆಗಳಲ್ಲಿ ಈ ಬಗೆಯ ಮಾತು ಬಹಳವಾಗಿ ಸವೆದಿದೆ. ಬಾರೆಯ ಗಿಡಕ್ಕೆ ಕಲ್ಲೆಸೆಯುವ ನಮ್ಮ ಹುಡುಗರು ಐರಿಷ್ ಹುಡುಗರಿಗಿಂತ ವಿರಕ್ತರೇನೂ ಅಲ್ಲ. ಭೇದವಿರುವುದು ಮುಖ್ಯವಾಗಿ ಹಣ್ಣಿನಲ್ಲಿ. ಬ್ಲ್ಯಾಕ್‌ಬೆರಿ ಇಟ್ಟರೆ ಉಳಿಯದ ಹಣ್ಣು. ಆದುದರಿಂದ ಅದನ್ನು ಕುರಿತ ಕಾವ್ಯ ನಾಶದ ಕಾವ್ಯವಾಯಿತು. ಬಾರೆ ಒಣಗಿ ಉಳಿಯುವ ಹಣ್ಣು. ಆದುದರಿಂದ ಅದನ್ನು ಕುರಿತ ಕಥೆ ಕಾಯುವ ಕಥೆಯಾಯಿತು. ರಸವು ಅಲ್ಲಿ ಆಯುವವನ ಕೈಯನ್ನು ಕಲೆಮಾಡುತ್ತದೆ, ಇಲ್ಲಿ ಆಯುವವಳ ಬಾಯಿ ಹಣ್ಣನ್ನು ಕಲೆಮಾಡುತ್ತದೆ. ಅಲ್ಲಿಯ ಮಗು ತನ್ನ ಅತಿಯಾಸೆಯ ತಪ್ಪನ್ನು ತಾನೇ ಕೊಟ್ಟಿಗೆಯಲ್ಲಿ ಮೂಸಿ ತಿಳಿಯಬೇಕು. ಇಲ್ಲಿ ತಪ್ಪೆಂದು ಲೋಕವು ಹೇಳಬಹುದಾದುದನ್ನು ತಿನ್ನುವವನು ನುಂಗಿ ಇಲ್ಲವಾಗಿಸುತ್ತಾನೆ. ಹೀನಿಯ ಮಕ್ಕಳು ಹಣ್ಣನ್ನು ಆರಿಸುವುದಿಲ್ಲ, ಬರಿದೆ ತುಂಬುತ್ತಾರೆ. ಡಬ್ಬಿಯ ತಳದಲ್ಲಿ ಹಸಿರು ಕಾಯಿಗಳೂ ಸೇರಿರುತ್ತವೆ. ಆಯುವುದಕ್ಕೂ ತುಂಬುವುದಕ್ಕೂ ಇರುವ ಅಂತರವನ್ನು ಆ ಕವಿ ಬಲ್ಲ. ಕವಿತೆಯ ಮರುಕವೆಲ್ಲ ಅಲ್ಲಿಂದಲೇ ಹುಟ್ಟಿದೆ.

ಇದೇ ಹಣ್ಣನ್ನು ಕುರಿತು ಸಿಲ್ವಿಯಾ ಪ್ಲಾತಳ ಕವಿತೆಯೊಂದೂ ಇದೆ. ಆಕೆ ಅಮೆರಿಕದವಳು, 1961ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಹಳ್ಳಿಗೆ ಬಂದು ನೆಲಸಿದ ಹೊಸತರಲ್ಲಿ ಬರೆದುದು. ನಿರ್ಜನವಾದ ಓಣಿ, ಎರಡು ಪಕ್ಕಕ್ಕೂ ಹಣ್ಣು ತೂಗುವ ಬೇಲಿ, ದೂರದಲ್ಲಿ ಎಲ್ಲಿಯೋ ಸಮುದ್ರ. ಹಣ್ಣುಗಳು ತಾವಾಗಿಯೇ ಆಕೆಯ ಮೇಲೆ ಬಿದ್ದು ನಂಟುಬೆಳೆಸುತ್ತವೆ. ಆ ನಂಟನ್ನು ಆಕೆ ಬಯಸಿದವಳಲ್ಲ. ಕೊನೆಯ ತಿರುವಿನಲ್ಲಿ ಹಣ್ಣು ಮುಗಿದು ಗಾಳಿಯೂ ಬೆಳಕೂ ಬರಿಯ ಬಯಲೂ ಎದುರಾಗುತ್ತವೆ. ಕೊಡುವುದಕ್ಕೆ ಯಾರೂ ಇಲ್ಲದವಳು ಆಯ್ದ ಹಣ್ಣು ಇದು. ಹೀನಿಯ ಕವಿತೆಗಿಂತ ಇದು ಕಠಿನ, ನನ್ನ ಮನಸ್ಸಿಗೆ ಹೆಚ್ಚು ಭಯಂಕರ. ಶಬರಿಯೂ ನಿರ್ಜನದಲ್ಲಿಯೇ ಆಯ್ದವಳು. ಆದರೆ ಒಬ್ಬನು ಬರುತ್ತಾನೆಂದು ಗುರುಗಳು ಹೇಳಿಹೋಗಿದ್ದರು. ಆ ಒಂದು ಮಾತಿಲ್ಲದಿದ್ದರೆ ಮತಂಗವನವೂ ಡೆವನ್ನಿನ ಓಣಿಯಂತೆಯೇ ಇರುತ್ತಿತ್ತು.

ಹೊಸಗನ್ನಡದ ಕವಿಗಳು ಈ ಪ್ರಸಂಗವನ್ನು ಮರೆತಿಲ್ಲ. ವಿ. ಸೀತಾರಾಮಯ್ಯನವರ ಶಬರಿಯ ಗೀತೆಯನ್ನು ಹಾಡಿ ಕೇಳದ ಮನೆ ಒಂದು ಕಾಲಕ್ಕೆ ನಮ್ಮಲ್ಲಿ ಇರಲಿಲ್ಲವೆನ್ನಬಹುದು. ಅದರ ವಸ್ತು ನಿರೀಕ್ಷೆ. ಆದರೆ ಆ ನಿರೀಕ್ಷೆಯು ಬಾಗಿಲಲ್ಲಿ ಕುಳಿತು ದಾರಿ ನೋಡುವ ನಿರೀಕ್ಷೆಯಲ್ಲ; ಕಾಡಿನಿಂದ ಕಾಡಿಗೆ, ಮರದಿಂದ ಮರಕ್ಕೆ ಅಲೆದು ಹೂಹಣ್ಣುಗಳನ್ನು ಆಯುತ್ತಿರುವ ನಿರೀಕ್ಷೆ. ಗೀತೆಯ ಸೊಗಸಿಗೆ ರಾಗದ ಮೇಲಿನ ಮೆಚ್ಚುಗೆಯೇ ಕಾರಣವೆಂದು ಹೇಳುವವರು ಆ ಅಲೆದಾಟವನ್ನು ಗಮನಿಸಬೇಕು; ಕವಿಯು ಶಬರಿಯ ಕಾಲುಗಳನ್ನು ಮರೆತಿಲ್ಲ. ಕುವೆಂಪು ಅವರು 1949ರಲ್ಲಿ ಹೊರತಂದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಈ ಸಂಚಿಕೆಗೆ ‘ಶಬರಿಗಾದನು ಅತಿಥಿ ದಾಶರಥಿ’ ಎಂದು ಹೆಸರಿಟ್ಟಿದ್ದಾರೆ. ಹೆಸರಿನಲ್ಲಿಯೇ ಒಂದು ವಿಮರ್ಶೆಯಿದೆ: ರಾಮನು ಇಲ್ಲಿ ಉದ್ಧಾರಕನಲ್ಲ, ಅತಿಥಿ, ಮನೆ ಅವಳದು, ನೀಡುವ ಕೈ ಅವಳದು.

ಪ್ರಸಂಗವಶಾತ್ ಒಂದು ಮಾತು. ಆಯುವವರ ಹಕ್ಕಿನ ಪ್ರಶ್ನೆ ಕಾವ್ಯದಲ್ಲಿ ಮಾತ್ರ ಇರುವುದಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆತಲಾಂತರದಿಂದ ನೆಲ್ಲಿಯನ್ನೂ ಜೇನನ್ನೂ ತರುತ್ತಿದ್ದ ಕಾಡಿನಲ್ಲಿ ಕೆಲವು ವರ್ಷಗಳ ಕಾಲ ಅದನ್ನು ಮಾರಾಟಕ್ಕೆ ತರಲು ನಿಷೇಧವಿದ್ದಿತು. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಬಂದ ಮೇಲೆ, 2011ರಲ್ಲಿ ಅವರ ಸಮುದಾಯದ ಹಕ್ಕು ಸರ್ಕಾರದಿಂದ ಮನ್ನಣೆ ಪಡೆಯಿತು. ಶಬರಿಯು ಯಾರ ಅಪ್ಪಣೆಯನ್ನು ಕೇಳಿ ಪಂಪೆಯ ತೀರದಲ್ಲಿ ಹಣ್ಣು ಕೂಡಿಹಾಕಿದಳೆಂದು ಯಾವ ಟೀಕಾಕಾರನೂ ಕೇಳಿಲ್ಲ; ನಮ್ಮ ಕಾಲದಲ್ಲಾಗಿದ್ದರೆ ಕೇಳುತ್ತಿದ್ದರು.

ಆನೆಗೊಂದಿಯ ಬಳಿಯ ಪಂಪಾಸರೋವರದಲ್ಲಿ ಶಬರಿಯ ಗವಿಯೆಂದು ಒಂದು ಸ್ಥಳವನ್ನು ಯಾತ್ರಿಕರಿಗೆ ತೋರಿಸುತ್ತಾರೆ. ಮತಂಗನ ಹೆಸರಿನ ಬೆಟ್ಟವು ತುಂಗಭದ್ರೆಯ ಆಚೆ, ಹಂಪೆಯಲ್ಲಿದೆ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವೆಂಬ ಇನ್ನೊಂದು ಸ್ಥಳವಿದ್ದು, ಅಲ್ಲಿಯವರು ಆಕೆಯನ್ನು ತಮ್ಮವಳೆನ್ನುತ್ತಾರೆ. ಎರಡರಲ್ಲಿ ಯಾವುದು ನಿಜವೆಂಬ ವಾದಕ್ಕೆ ನಾನು ಹೋಗುವುದಿಲ್ಲ. ಎರಡೂ ಬಂಡೆಯ ನೆಲ, ಎರಡೂ ಬಾರೆಗೆ ಒಗ್ಗುವ ಬಿಸಿಲು.

ಕೊನೆಗೆ ಓದುಗರಲ್ಲಿ ಒಂದು ವಿಜ್ಞಾಪನೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಬೀಸುವ ಹಾಡಿನಲ್ಲಿಯೂ ಕೋಲಾಟದ ಪದದಲ್ಲಿಯೂ ಶಬರಿಯು ಬರುವುದುಂಟಾದರೆ, ಅಲ್ಲಿ ಆಕೆ ಕೊಡುವ ಹಣ್ಣು ಯಾವುದು? ಎಲ್ಲೆಡೆಯೂ ಬಾರೆಯೇ, ಅಥವಾ ಮಲೆನಾಡಿನ ಅಂಚಿನ ಊರುಗಳಲ್ಲಿ ಕವಳಿಯೋ ನೇರಳೆಯೋ ಆಗಿದೆಯೇ? ಹಾಡುವ ಹೆಂಗಸರು ಹಣ್ಣನ್ನು ಆಯುವ ಕ್ರಮವನ್ನು ವರ್ಣಿಸುವರೇ, ಅಥವಾ ಕೊಟ್ಟಳೆಂದಷ್ಟೇ ಹೇಳುವರೇ? ಬಲ್ಲವರು ಊರಿನ ಹೆಸರಿನೊಡನೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯೊಂದರಲ್ಲಿ ಅವುಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವುದಕ್ಕೆ ಅನುಕೂಲವಾಗುವುದು.